ಉರಿಯದ ದೀಪಕ್ಕೆ ಎರಡು ಅರ್ಥ

ಮೂಡಿಗೆರೆ ಪೇಟೆಯ ಅಂಚಿನಲ್ಲಿ ಒಂದು ಆಟೊ ಎಲೆಕ್ಟ್ರಿಕಲ್ ಅಂಗಡಿ. ಮಳೆ ಈಗಷ್ಟೇ ನಿಂತಿದೆ; ತಗಡಿನ ಸೂರಿನಿಂದ ಹನಿ ಇನ್ನೂ ತೊಟ್ಟಿಕ್ಕುತ್ತಿದೆ. ಮಂಗಳೂರಿನ ಬಂದರಿನಿಂದ ಚಾರ್ಮಾಡಿ ಘಾಟಿ ಹತ್ತಿ ಚಿಕ್ಕಮಗಳೂರಿಗೆ ಮೀನು ತರುವ ಹಳೆಯ ಡೀಸೆಲ್ ಪಿಕಪ್ ಒಂದು ಬಾನೆಟ್ ತೆರೆದುಕೊಂಡು ನಿಂತಿದೆ. ಡ್ರೈವರ್‌ಗೆ ಇನ್ನೂ ಮೂವತ್ತಾಗಿಲ್ಲ. ಮೇಸ್ತ್ರಿ ನಲವತ್ತು ವರ್ಷದಿಂದ ಗಾಡಿಗಳ ವೈರಿಂಗ್ ಮಾಡಿಕೊಂಡು ಬಂದವರು.

ಡ್ರೈವರ್: ಮೇಸ್ತ್ರಿ, ಈ ಡಬ್ಬಿಯಲ್ಲಿರೋದನ್ನ ಗಾಡಿಗೆ ಹಾಕಿಕೊಡಬೇಕು. ಬೂಸ್ಟ್ ಮೀಟರ್. ಜೊತೆಗೆ ಒಂದು ಕೆಂಪು ದೀಪಾನೂ ಬೇಕು. ಟರ್ಬೊದಲ್ಲಿ ಏನಾದರೂ ಎಡವಟ್ಟಾದರೆ ತಕ್ಷಣ ಉರಿಯೋ ಹಾಗೆ.

ಮೇಸ್ತ್ರಿ: ಹಾಕೋಣ. ಮೊದಲು ಕೂತ್ಕೋ, ಏನಾಯ್ತು ಹೇಳು. ಕೈ ಸುಟ್ಟುಕೊಳ್ಳದೆ ಯಾರೂ ಮೀಟರ್ ಹುಡುಕಿಕೊಂಡು ಬರಲ್ಲ.

ಡ್ರೈವರ್: ಹೋದ ತಿಂಗಳ ಮಾತು. ರಾತ್ರಿ ಎರಡೂವರೆ ಇರಬಹುದು. ಐಸ್ ಸೇರಿ ಪೂರ್ತಿ ಲೋಡು. ಘಾಟಿ ಶುರುವಾಗಿ ನಾಲ್ಕು ತಿರುವು ಹತ್ತಿದ್ದೆ ಅಷ್ಟೆ, ಗಾಡಿ ಎಳೆಯೋದನ್ನೇ ಬಿಟ್ಟುಬಿಡ್ತು. ಎರಡನೇ ಗೇರಲ್ಲಿ ಹತ್ತೋ ಜಾಗದಲ್ಲಿ ಒಂದಕ್ಕೆ ಇಳಿಸಿದರೂ ಉಸಿರುಗಟ್ಟಿದ ಹಾಗೆ. ಹಿಂದೆ ಕಪ್ಪು ಹೊಗೆ. ಮುಂದೆ ಮಂಜು. ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಎಲ್ಲಾ ಸರಿ. ಟೆಂಪರೇಚರ್ ಸರಿ, ಆಯಿಲ್ ದೀಪ ಇಲ್ಲ, ಚಾರ್ಜಿಂಗ್ ದೀಪ ಇಲ್ಲ. ಬೆಳಗಾದ ಮೇಲೆ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೋಡಿದರೆ ಇಂಟರ್‌ಕೂಲರಿನಿಂದ ಇಂಜಿನ್ನಿಗೆ ಹೋಗೋ ರಬ್ಬರ್ ಹೋಸು ಕ್ಲಿಪ್ಪಿನ ಪಕ್ಕದಲ್ಲೇ ಸೀಳಿತ್ತು. ಚಿಕ್ಕಮಗಳೂರು ಮುಟ್ಟೋ ಹೊತ್ತಿಗೆ ಬೆಳಗಿನ ವ್ಯಾಪಾರ ಮುಗಿದಿತ್ತು. ಆ ರಾತ್ರಿ ಈ ದೀಪ ಇದ್ದಿದ್ದರೆ ನಾಲ್ಕನೇ ತಿರುವಲ್ಲೇ ಗೊತ್ತಾಗ್ತಿತ್ತು.

ಮೇಸ್ತ್ರಿ: ಗೊತ್ತಾಗ್ತಿರಲಿಲ್ಲ.

ಡ್ರೈವರ್: ಯಾಕೆ?

ಮೇಸ್ತ್ರಿ: ದೀಪಕ್ಕೆ ಅಂತ ನೀನು ತಂದಿರೋ ಒತ್ತಡದ ಸ್ವಿಚ್ಚನ್ನ ಕೈಯಲ್ಲಿ ಹಿಡಿದು ನೋಡು. ಒತ್ತಡ ಹೆಚ್ಚಾದಾಗ ಒಳಗಿನ ಎರಡು ತುದಿ ಕೂಡುತ್ತವೆ, ದೀಪ ಉರಿಯುತ್ತೆ. ಆವತ್ತು ನಿನ್ನ ಗಾಡಿಯಲ್ಲಿ ಒತ್ತಡ ಹೆಚ್ಚಾಗಿರಲಿಲ್ಲ, ಇಲ್ಲವೇ ಇಲ್ಲ ಅನ್ನೋ ಹಾಗೆ ಆಗಿತ್ತು. ಟರ್ಬೊ ತುಂಬಿದ ಗಾಳಿಯೆಲ್ಲ ಸೀಳಿನಿಂದ ಹೊರಗೆ ಹೋಗ್ತಾ ಇತ್ತು. ಡೀಸೆಲ್ ಬರ್ತಾ ಇತ್ತು, ಅದನ್ನು ಪೂರ್ತಿ ಸುಡೋಕೆ ಗಾಳಿ ಸಾಲದೆ ಕಪ್ಪು ಹೊಗೆ ಆಯ್ತು. ಆ ಇಡೀ ರಾತ್ರಿ ನಿನ್ನ ಕೆಂಪು ದೀಪ ಸುಮ್ಮನೆ ಕೂತಿರ್ತಿತ್ತು. ನೀನು ‘ಟರ್ಬೊ ಸರಿ ಇದೆ, ತೊಂದರೆ ಬೇರೆ ಎಲ್ಲೋ’ ಅಂದುಕೊಂಡು ಡೀಸೆಲ್ ಫಿಲ್ಟರ್ ಬಿಚ್ಚೋಕೆ ಹೋಗ್ತಿದ್ದೆ.

ಡ್ರೈವರ್: ಹಾಗಾದರೆ ದೀಪ ಬೇಡವಾ?

ಮೇಸ್ತ್ರಿ: ಬೇಕು. ಎರಡೂ ಬೇಕು. ಯಾವುದು ಯಾವ ಮಾತು ಹೇಳುತ್ತೆ ಅನ್ನೋದು ಗೊತ್ತಿರಬೇಕು, ಅಷ್ಟೆ. ಒತ್ತಡ ಕಡಿಮೆಯಾಗಿದ್ದು ಮೀಟರ್ ಮುಳ್ಳಲ್ಲಿ ಕಾಣುತ್ತೆ, ನೀನು ನೋಡಿದರೆ. ಮಿತಿ ಮೀರಿದ್ದನ್ನ ದೀಪ ಹೇಳುತ್ತೆ, ನೀನು ನೋಡದೆ ಇದ್ದರೂ. ಇವತ್ತು ಮನಸ್ಸಲ್ಲಿಟ್ಟುಕೊಳ್ಳಬೇಕಾದ ಮಾತು ಇನ್ನೊಂದಿದೆ. ಉರಿಯದ ದೀಪಕ್ಕೆ ಎರಡು ಅರ್ಥ. ಒಂದು, ಎಲ್ಲಾ ಸರಿ ಇದೆ. ಇನ್ನೊಂದು, ದೀಪವೇ ಸತ್ತಿದೆ. ಹೊರಗಿನಿಂದ ನೋಡೋಕೆ ಎರಡೂ ಒಂದೇ. ಆ ಎರಡನ್ನು ಬೇರೆ ಮಾಡಿ ತೋರಿಸದ ವೈರಿಂಗನ್ನ ನಾನು ವೈರಿಂಗ್ ಅನ್ನಲ್ಲ.

ಡ್ರೈವರ್: ಟರ್ಬೊ ಅಂದರೆ ಹೊಗೆಯ ರಭಸಕ್ಕೆ ತಿರುಗೋ ಫ್ಯಾನು ಅಂತ ಗೊತ್ತು. ಮಿತಿ ಮೀರೋದು ಹೇಗೆ?

ಮೇಸ್ತ್ರಿ: ಒಂದೇ ಕೋಲಿಗೆ ಎರಡು ಚಕ್ರ. ಒಂದನ್ನ ಹೊಗೆ ತಿರುಗಿಸುತ್ತೆ, ಇನ್ನೊಂದು ಹೊಸ ಗಾಳಿಯನ್ನ ಒತ್ತಿ ಇಂಜಿನ್ನಿಗೆ ತುಂಬುತ್ತೆ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ದ. ಇಷ್ಟು ಚಿಕ್ಕ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತ ಹೆಚ್ಚು ತಿರುಗುತ್ತೆ. ಅದಕ್ಕೆ ಲಗಾಮು ಬೇಕಲ್ಲ? ಒತ್ತಡ ಸಾಕು ಅನ್ನಿಸಿದಾಗ ಒಂದಿಷ್ಟು ಹೊಗೆಯನ್ನ ಚಕ್ರಕ್ಕೆ ಮುಟ್ಟಿಸದೆ ಪಕ್ಕದಿಂದ ಹೊರಗೆ ಬಿಡೋ ಬಾಗಿಲು ಇದೆ. ಅದೇ ವೇಸ್ಟ್‌ಗೇಟ್. ಆ ಬಾಗಿಲನ್ನ ತೆರೆಯೋ ಸಣ್ಣ ಹೋಸು ಕಳಚಿದರೆ ಅಥವಾ ಬಾಗಿಲು ತುಕ್ಕು ಹಿಡಿದು ಕಚ್ಚಿಕೊಂಡರೆ ಲಗಾಮು ಹೋಯ್ತು. ಮುಳ್ಳು ಏರ್ತಾನೇ ಹೋಗುತ್ತೆ. ಗಾಡಿ ಯಾವತ್ತೂ ಎಳೆಯದಷ್ಟು ಚೆನ್ನಾಗಿ ಎಳೆಯುತ್ತೆ, ಡ್ರೈವರ್‌ಗೆ ಖುಷಿ. ಹೆಡ್ ಗ್ಯಾಸ್ಕೆಟ್ ಹೋದ ಮೇಲೆ ಗೊತ್ತಾಗುತ್ತೆ ಆ ಖುಷಿಯ ಬೆಲೆ.

ಡ್ರೈವರ್: ಅಂದರೆ ಎಳೆಯದಿದ್ದಾಗ ಕಾಲಿಗೇ ಗೊತ್ತಾಗುತ್ತೆ. ಜಾಸ್ತಿ ಎಳೆದಾಗ ಗೊತ್ತಾಗಲ್ಲ.

ಮೇಸ್ತ್ರಿ: ಸರಿಯಾಗಿ ಹೇಳಿದೆ. ಅದಕ್ಕೇ ಹೆಚ್ಚಿನ ಕಡೆ ದೀಪ ಇಡೋದು. ಈಗ ಮೀಟರ್ ನೋಡೋಣ. ಇದು ಬಾರ್ ಲೆಕ್ಕದ್ದು. ಟೈರಿಗೆ ಗಾಳಿ ಹಾಕಿಸೋ ಲೆಕ್ಕ ನಿನಗೆ ಗೊತ್ತಲ್ಲ, 1 ಬಾರ್ ಅಂದರೆ 14.5 ಪಿಎಸ್‌ಐ. ಮುಳ್ಳು ಸೊನ್ನೆಯಲ್ಲಿದೆ ಅಂದರೆ ಗಾಳಿ ಇಲ್ಲ ಅಂತಲ್ಲ. ಹೊರಗಡೆ ಎಷ್ಟಿದೆಯೋ ಒಳಗೂ ಅಷ್ಟೇ ಇದೆ ಅಂತ. ಸಮುದ್ರದ ಮಟ್ಟದಲ್ಲಿ ಹೊರಗಿನ ಗಾಳಿಯ ಒತ್ತಡವೇ 1.01 ಬಾರ್. 1000 ಮೀಟರ್ ಎತ್ತರದಲ್ಲಿ ಅದು ಸುಮಾರು 0.9ಕ್ಕೆ ಇಳಿಯುತ್ತೆ.

ಡ್ರೈವರ್: ನಾನು ದಿನಾ ಬಂದರಿನಿಂದ ಹೊರಟು ಘಾಟಿ ಮೇಲೆ ಬರ್ತೀನಿ. ಹಾಗಾದರೆ ಮೀಟರ್ ಎರಡು ಕಡೆ ಎರಡು ಲೆಕ್ಕ ಹೇಳುತ್ತಾ?

ಮೇಸ್ತ್ರಿ: ಲೆಕ್ಕ ಒಂದೇ, ತಳ ಬೇರೆ. ಬಂದರಿನಲ್ಲಿ ಮುಳ್ಳು 1 ತೋರಿಸಿದರೆ ಇಂಜಿನ್ನಿನೊಳಗೆ ಒಟ್ಟು 2 ಬಾರ್. ಘಾಟಿಯ ತುದಿಯಲ್ಲಿ ಅದೇ 1 ಅಂದರೆ ಒಟ್ಟು 1.9. ಹಾಗಾಗಿ ಒಂದು ದಿನದ ಓದನ್ನ ಇನ್ನೊಂದು ದಿನದ್ದಕ್ಕೆ ಹೋಲಿಸುವಾಗ ಜಾಗ ಒಂದೇ ಇರಬೇಕು. ಈ ಮಾತನ್ನ ಆಮೇಲೆ ಹೇಳ್ತೀನಿ.

ಡ್ರೈವರ್: ಅಂಗಡಿಯಲ್ಲಿ ಎರಡು ಥರದ ಮೀಟರ್ ತೋರಿಸಿದರು. ಒಂದಕ್ಕೆ ಬರೀ ಗಾಳಿ ಪೈಪು, ಬೆಲೆಯೂ ಕಡಿಮೆ. ಇದು ಸೆನ್ಸರಿಂದು. ಇದನ್ನ ತಂದಿದ್ದು ತಪ್ಪಾಯ್ತಾ?

ಮೇಸ್ತ್ರಿ: ಎರಡೂ ಒಳ್ಳೇದೇ. ಪೈಪಿನ ಮೀಟರಿನೊಳಗೆ ಬಾಗಿದ ಚಪ್ಪಟೆ ಹಿತ್ತಾಳೆ ನಳಿಗೆ ಇರುತ್ತೆ. ಜಾತ್ರೆಯಲ್ಲಿ ಮಕ್ಕಳು ಊದಿದರೆ ಬಿಚ್ಚಿಕೊಳ್ಳುತ್ತಲ್ಲ ಸುರುಳಿ ಪೀಪಿ, ಹಾಗೇ. ಒಳಗೆ ಒತ್ತಡ ಬಂದಾಗ ನೇರವಾಗೋಕೆ ನೋಡುತ್ತೆ, ಮುಳ್ಳನ್ನ ಎಳೆಯುತ್ತೆ. ಫ್ರಾನ್ಸಿನ ಬೂರ್ದೋನ್ 1849ರಲ್ಲಿ ಪೇಟೆಂಟ್ ಮಾಡಿಸಿದ್ದು, ಇವತ್ತಿಗೂ ನಡೀತಿದೆ. ಅದಕ್ಕೆ ಕರೆಂಟು ಬೇಕಾಗಿರೋದು ರಾತ್ರಿ ಬೆಳಕಿಗೆ ಮಾತ್ರ. ಆದರೆ ಪೈಪು ಕ್ಯಾಬಿನ್ನಿನೊಳಗೆ ಬರಬೇಕು. ಕಳಚಿದರೆ ಆಯಿಲ್ ಕಲೆತ ಗಾಳಿ ಮುಖಕ್ಕೇ ಬರುತ್ತೆ. ನಿಂದರಲ್ಲಿ ಗಾಳಿ ಬಾನೆಟ್ಟಿನೊಳಗೇ ಉಳಿಯುತ್ತೆ, ವೈರು ಮಾತ್ರ ಒಳಗೆ ಬರುತ್ತೆ. ಬಾನೆಟ್ ಕಡೆ ಬಾ. ಗಾಳಿ ಎಲ್ಲಿಂದ ತಗೋಬೇಕು ಅಂತೀಯ?

ಡ್ರೈವರ್: ಟರ್ಬೊ ಬಾಯಿಂದ?

ಮೇಸ್ತ್ರಿ: ಅಲ್ಲಿಂದ ತಗೊಂಡರೆ ಟರ್ಬೊ ಎಷ್ಟು ಕೊಟ್ಟಿತು ಅಂತ ಗೊತ್ತಾಗುತ್ತೆ. ಇಂಜಿನ್ನಿಗೆ ಎಷ್ಟು ಮುಟ್ಟಿತು ಅಂತ ಗೊತ್ತಾಗಲ್ಲ. ಮಧ್ಯೆ ಇಂಟರ್‌ಕೂಲರ್ ಇದೆ, ನಿನಗೆ ಕೈಕೊಟ್ಟ ಹೋಸು ಇದೆ. ಆದ್ದರಿಂದ ಎಲ್ಲ ದಾಟಿದ ಮೇಲೆ, ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ತಗೋಬೇಕು. ವೇಸ್ಟ್‌ಗೇಟಿಗೆ ಹೋಗೋ ಹೋಸಿಗೆ ಟೀ ಹಾಕೋದು ಸುಲಭ ಅಂತ ತುಂಬಾ ಜನ ಹಾಕ್ತಾರೆ. ನಾನು ಹಾಕಲ್ಲ. ಲಗಾಮಿನ ಹಗ್ಗಕ್ಕೆ ಗಂಟು ಹಾಕಬಾರದು. ಆ ಜಾಯಿಂಟ್ ಸಡಿಲವಾದರೆ, ಯಾವ ತೊಂದರೆ ತಿಳಿಯಲಿ ಅಂತ ಮೀಟರ್ ಹಾಕಿದೆವೋ ಆ ತೊಂದರೆಯನ್ನ ನಾವೇ ಮಾಡಿದ ಹಾಗಾಗುತ್ತೆ.

ಡ್ರೈವರ್: ಮ್ಯಾನಿಫೋಲ್ಡಿನ ಹತ್ತಿರ ತುಂಬಾ ಬಿಸಿ ಇರಲ್ವಾ?

ಮೇಸ್ತ್ರಿ: ಗಾಳಿ ಬರೋ ಕಡೆ ಅಷ್ಟಿಲ್ಲ, ಹೊಗೆ ಹೋಗೋ ಕಡೆ ಮಾತ್ರ ಬೆಂಕಿ. ಹೋಸು, ವೈರು ಯಾವುದೂ ಆ ಕಡೆ ಸುಳಿಯಬಾರದು. ಸೆನ್ಸರನ್ನ ಇಂಜಿನ್ ಮೇಲೇ ಕೂರಿಸಬೇಡ, ನಡುಕಕ್ಕೆ ಬೇಗ ಹೋಗುತ್ತೆ. ಈ ಪಕ್ಕದ ತಗಡಿಗೆ, ಗಾಳಿ ತಗೊಳ್ಳೋ ಜಾಗಕ್ಕಿಂತ ಎತ್ತರದಲ್ಲಿ, ಬಾಯಿ ಕೆಳಗೆ ಮಾಡಿ ಕೂರಿಸ್ತೀನಿ. ಟರ್ಬೊ ಗಾಳಿಯಲ್ಲಿ ಆಯಿಲಿನ ಮಂಜು ಇದ್ದೇ ಇರುತ್ತೆ. ಬಾಯಿ ಮೇಲಾದರೆ ಅದು ಸೆನ್ಸರಿನೊಳಗೇ ನಿಲ್ಲುತ್ತೆ, ಕೆಳಗಾದರೆ ವಾಪಸ್ ಇಳಿದುಹೋಗುತ್ತೆ. ಈಗ ವೈರು. ಮೀಟರಿನ ಹಿಂದೆ ಎಷ್ಟಿವೆ?

ಡ್ರೈವರ್: ನಾಲ್ಕು. ಕೆಂಪು, ಕಪ್ಪು, ಬಿಳಿ, ಕಿತ್ತಳೆ. ಸೆನ್ಸರಿಗೆ ಬೇರೆ ಮೂರು. ಕೆಂಪು ಬ್ಯಾಟರಿಗೆ, ಕಪ್ಪು ಅರ್ತಿಗೆ ಅಲ್ವಾ?

ಮೇಸ್ತ್ರಿ: ಇರಬಹುದು. ಬಣ್ಣ ನಂಬಿ ಕೈ ಹಾಕಬೇಡ. ಒಂದು ಕಂಪನಿಯ ಕೆಂಪು ಬ್ಯಾಟರಿ ಡೈರೆಕ್ಟ್, ಇನ್ನೊಂದರ ಕೆಂಪು ಕೀ ಲೈನು. ಡಬ್ಬಿಯಲ್ಲಿ ಬಂದ ಕಾಗದ ತೆಗೆ, ಅದರಲ್ಲಿರೋ ಚಿತ್ರಕ್ಕೆ ಬೆರಳಿಟ್ಟು ಓದು. ಬಣ್ಣ ಯಾವುದೇ ಆಗಲಿ, ಕೆಲಸ ನಾಲ್ಕೇ. ಬ್ಯಾಟರಿಯಿಂದ ಡೈರೆಕ್ಟ್ ಒಂದು, ಮೀಟರಿನ ನೆನಪಿಗೆ. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರೋ ಲೈನು ಒಂದು, ಮೀಟರ್ ನಡೆಯೋದು ಇದರಲ್ಲಿ. ಅರ್ತ್ ಒಂದು. ಪಾರ್ಕಿಂಗ್ ಲೈಟಿನ ಲೈನಿನಿಂದ ಒಂದು, ರಾತ್ರಿ ಬೆಳಕು ತಗ್ಗಿಸೋಕೆ.

ಡ್ರೈವರ್: ಬೆಳಕು ತಗ್ಗಿಸೋದು ಯಾಕೆ? ಜೋರಾಗಿ ಕಂಡರೆ ಒಳ್ಳೇದಲ್ವಾ?

ಮೇಸ್ತ್ರಿ: ಚಾರ್ಮಾಡಿಯ ಮಂಜಿನಲ್ಲಿ ನಿನ್ನ ಕಣ್ಣು ಹತ್ತು ಅಡಿ ಮುಂದಿನ ಬಿಳಿ ಗೆರೆಯನ್ನ ಹುಡುಕ್ತಾ ಇರುತ್ತೆ. ಆಗ ಮೂಗಿನ ಕೆಳಗೆ ಮೀಟರ್ ಝಗಝಗ ಅಂದರೆ ಗಾಜಿನಲ್ಲಿ ಅದರ ನೆರಳೇ ಕಾಣುತ್ತೆ, ರಸ್ತೆ ಕಾಣಲ್ಲ. ಆ ನಾಲ್ಕನೇ ವೈರನ್ನ ಬೇಡ ಅಂತ ಮಡಚಿ ಟೇಪ್ ಸುತ್ತಿಬಿಡೋ ಜನ ಇದ್ದಾರೆ. ಅವರು ರಾತ್ರಿ ಘಾಟಿ ಹತ್ತಿದವರಲ್ಲ.

ಡ್ರೈವರ್: ಕೀ ಲೈನು ಬಿಟ್ಟು ಎಲ್ಲವನ್ನೂ ಬ್ಯಾಟರಿಗೇ ಕೊಟ್ಟರೆ?

ಮೇಸ್ತ್ರಿ: ಮೀಟರ್ ನಿಲ್ಲೋದೇ ಇಲ್ಲ. 50 ಮಿಲಿಆಂಪ್ ಎಳೆದರೂ ದಿನಕ್ಕೆ 1.2 ಆಂಪಿಯರ್-ಅವರ್ ಆಯ್ತು. ಹಬ್ಬಕ್ಕೆ ಅಂತ ಹದಿನೈದು ದಿನ ಗಾಡಿ ನಿಲ್ಲಿಸಿದರೆ ಬ್ಯಾಟರಿಯಿಂದ 18 ಆಂಪಿಯರ್-ಅವರ್ ಹೋಯ್ತು. ಆಮೇಲೆ ತಳ್ಳೋಕೆ ಜನ ಕರಿಬೇಕು. ಕೀ ಲೈನನ್ನ ಫ್ಯೂಸ್ ಬಾಕ್ಸಿನಿಂದಲೇ ತಗೊಳ್ತೀನಿ, ಅದಕ್ಕೆ ಅಂತ ಬೇರೆ 2 ಆಂಪ್ ಫ್ಯೂಸ್ ಹಾಕಿ. ಬ್ಯಾಟರಿ ಲೈನಿಗೂ ಬ್ಯಾಟರಿಯ ಪಕ್ಕದಲ್ಲೇ ಒಂದು. ಫ್ಯೂಸು ಮೀಟರನ್ನ ಉಳಿಸೋಕೆ ಅಂದುಕೊಂಡಿದ್ದೀಯಾ? ಅಲ್ಲ. ವೈರು ಉಜ್ಜಿ ತಗಡಿಗೆ ತಾಗಿದ ದಿನ ಗಾಡಿಗೆ ಬೆಂಕಿ ಹತ್ತದಿರಲಿ ಅಂತ. ಅದಕ್ಕೇ ಫ್ಯೂಸು ಕರೆಂಟ್ ಹೊರಡೋ ಕಡೆ ಇರಬೇಕು, ಮೀಟರಿನ ಹತ್ತಿರ ಅಲ್ಲ.

ಡ್ರೈವರ್: ಯಾವ ಲೈನಿನಲ್ಲಿ ಕೀ ಕರೆಂಟ್ ಇದೆ ಅಂತ ಟೆಸ್ಟ್ ಲ್ಯಾಂಪಲ್ಲಿ ನೋಡ್ತೀರಾ?

ಮೇಸ್ತ್ರಿ: ಮೊದಲು ಹಾಗೇ ನೋಡ್ತಿದ್ದೆವು. 5 ವ್ಯಾಟಿನ ಬಲ್ಬು 0.4 ಆಂಪ್ ಎಳೆಯುತ್ತೆ. ಹೆಡ್‌ಲೈಟ್ ಲೈನಿಗೆ ಅದು ಏನೂ ಅಲ್ಲ. ಇಂಜಿನ್ ಕಂಪ್ಯೂಟರಿನ ಸಣ್ಣ ಲೈನಿಗೆ ಚುಚ್ಚಿದರೆ ಕಂಪ್ಯೂಟರೇ ಹೋಗಬಹುದು. ಈಗ ಹಳೇ ಗಾಡಿಗೂ ಮಲ್ಟಿಮೀಟರ್ ಹಿಡಿಯೋದೇ ಅಭ್ಯಾಸ. ಹಳದಿ ಸ್ಲೀವಿನ ವೈರು ಕಂಡರೆ ಅದನ್ನೂ ಮುಟ್ಟಲ್ಲ, ಅದು ಏರ್‌ಬ್ಯಾಗಿಂದು. ಇಲ್ಲಿ ಹಿಡಿ, ಅರ್ತ್ ಹುಡುಕೋಣ.

ಡ್ರೈವರ್: ಅರ್ತಿಗೆ ಯಾವ ಬೋಲ್ಟಾದರೂ ಆಗಲ್ವಾ? ಬಾಡಿಯೆಲ್ಲ ಕಬ್ಬಿಣ ತಾನೆ.

ಮೇಸ್ತ್ರಿ: ನಿನ್ನ ಗಾಡಿ ಮೀನಿನ ಗಾಡಿ. ಐಸ್ ಕರಗಿದ ಉಪ್ಪುನೀರು ವರ್ಷಗಟ್ಟಲೆ ಚಾಸಿಗೆ ಇಳಿದಿದೆ. ಹಿಂದಿನ ಬೋಲ್ಟು ಯಾವುದನ್ನ ಕೆರೆದರೂ ಪುಡಿ ಉದುರುತ್ತೆ. ಇಲ್ಲಿ ನೋಡು, ಕ್ಯಾಬಿನ್ನಿನೊಳಗೆ, ಡ್ಯಾಶ್‌ಬೋರ್ಡಿನ ಕೆಳಗೆ ಈ ಬೋಲ್ಟು ಒಣಗಿದೆ. ಪೇಂಟು ಕೆರೆದು ಬೆಳ್ಳಗೆ ಮಾಡ್ತೀನಿ, ರಿಂಗ್ ಟರ್ಮಿನಲ್ ಕೂರಿಸಿ ಬಿಗಿದು ಮೇಲೆ ಗ್ರೀಸ್ ಹಚ್ತೀನಿ. ಈಗ ಲೈಟು, ವೈಪರು ಎಲ್ಲಾ ಹಾಕು. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಒಂದು ಈ ಬೋಲ್ಟಿಗೆ. ಎಷ್ಟು ಬಂತು?

ಡ್ರೈವರ್: 0.03 ವೋಲ್ಟ್.

ಮೇಸ್ತ್ರಿ: ಒಳ್ಳೇ ಅರ್ತ್. 0.1 ದಾಟಿದ್ದರೆ ಬೇರೆ ಜಾಗ ಹುಡುಕ್ತಿದ್ದೆ.

ಡ್ರೈವರ್: 12 ವೋಲ್ಟಿನ ಗಾಡಿಯಲ್ಲಿ 0.1 ಯಾವ ಲೆಕ್ಕ?

ಮೇಸ್ತ್ರಿ: ದೀಪಕ್ಕೆ ಲೆಕ್ಕ ಇಲ್ಲ, ಸೆನ್ಸರಿಗೆ ಇದೆ. ಕಾಗದ ನೋಡು, ಇದಕ್ಕೆ ಮೀಟರಿನಿಂದ ಹೋಗೋದು 5 ವೋಲ್ಟ್. ಒತ್ತಡ ಸೊನ್ನೆ ಇದ್ದಾಗ 0.5 ವಾಪಸ್ ಕೊಡುತ್ತೆ, 2 ಬಾರ್ ಇದ್ದಾಗ 4.5. ಅಂದರೆ 2 ಬಾರಿಗೆ 4 ವೋಲ್ಟ್, 0.1 ವೋಲ್ಟಿಗೆ 0.05 ಬಾರ್. ಸೆನ್ಸರಿನ ಕಪ್ಪು ವೈರನ್ನ ಇಂಜಿನ್ ಬಾಡಿಗೆ ಕೊಟ್ಟುಬಿಟ್ಟರೆ, ಹೆಡ್‌ಲೈಟ್ ಹಾಕಿದಾಗಲೆಲ್ಲ ಮುಳ್ಳು ಅಲ್ಲಾಡುತ್ತೆ. ಟರ್ಬೊ ಏನೂ ಮಾಡಿರಲ್ಲ, ಮುಳ್ಳು ಮಾತ್ರ ಸುಳ್ಳು ಹೇಳ್ತಾ ಇರುತ್ತೆ. ಅದಕ್ಕೇ ಸೆನ್ಸರಿನ ಮೂರೂ ವೈರು ಮೀಟರಿಗೇ ವಾಪಸ್ ಬರಬೇಕು, ದಾರಿಯಲ್ಲಿ ಎಲ್ಲೂ ಬಾಡಿಗೆ ತಾಗಬಾರದು.

ಡ್ರೈವರ್: ಒಳಗೆ ತರೋಕೆ ಈ ತಗಡಿಗೆ ತೂತು ಹೊಡೀತೀರಾ?

ಮೇಸ್ತ್ರಿ: ಬೇಕಿಲ್ಲ. ಕಂಪನಿಯ ವೈರು ಹೋಗೋ ರಬ್ಬರ್ ಬುಶ್ಶಿನಲ್ಲಿ ಜಾಗ ಇದೆ. ಬರೀ ತಗಡಿನ ತೂತಿನಲ್ಲಿ ವೈರು ಹಾಯಿಸಿದರೆ ಅದು ಗರಗಸವೇ ಸರಿ. ಒಂದು ಮಳೆಗಾಲಕ್ಕೆ ಇನ್ಸುಲೇಷನ್ ಕತ್ತರಿಸಿಹಾಕುತ್ತೆ. ಒಳಗೆ ಹೋಗೋ ಮುಂಚೆ ವೈರನ್ನ ಹೀಗೆ ಸ್ವಲ್ಪ ಕೆಳಗೆ ಜೋತುಬಿಟ್ಟು ಮೇಲೆತ್ತಬೇಕು. ನೀರು ವೈರಿನ ಮೇಲೆ ಹರಿದು ಬಂದರೂ ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತೆ. ಮೇಲೆ ಕೊಳವೆ ಸ್ಲೀವು ಹಾಕ್ತೀನಿ. ನಮ್ಮ ಕಡೆ ಇಲಿ ಬಿಡಲ್ಲ, ನಿನ್ನ ಗಾಡಿಯಲ್ಲಿ ಮೀನಿನ ವಾಸನೆ ಬೇರೆ.

ಡ್ರೈವರ್: ಜಾಯಿಂಟಿಗೆ ತಿರುಚಿ ಟೇಪ್ ಸುತ್ತಿದರೆ ಸಾಕಲ್ವಾ?

ಮೇಸ್ತ್ರಿ: ಸಾಕು, ಆರು ತಿಂಗಳಿಗೆ. ಬಾನೆಟ್ ಬಿಸಿಗೆ ಟೇಪಿನ ಅಂಟು ಕರಗಿ ಜಾರುತ್ತೆ, ಮಳೆಗೆ ತಾಮ್ರ ಹಸಿರು ಕಿಲುಬು ಹಿಡಿಯುತ್ತೆ. ಕಿಲುಬು ಹಿಡಿದ ಜಾಯಿಂಟ್ ಪೂರ್ತಿ ಸಾಯೋದೂ ಇಲ್ಲ, ಪೂರ್ತಿ ಬದುಕೋದೂ ಇಲ್ಲ. ಹುಡುಕೋರ ಜೀವ ತಿನ್ನುತ್ತೆ. ಪಂಚಿಂಗ್ ಇಕ್ಕಳದಲ್ಲಿ ಟರ್ಮಿನಲ್ ಒತ್ತಿ, ಬಿಸಿಗೆ ಕುಗ್ಗೋ ಸ್ಲೀವು ಹಾಕಿ, ಆಮೇಲೆ ಜಗ್ಗಿ ನೋಡಬೇಕು. ಕೈಗೆ ಬರೋ ಜಾಯಿಂಟ್ ಇಲ್ಲೇ ಬರಲಿ, ಘಾಟಿಯಲ್ಲಿ ಬರೋದು ಬೇಡ.

ಡ್ರೈವರ್: ಇನ್ನು ದೀಪ.

ಮೇಸ್ತ್ರಿ: ಹಾಂ, ದೀಪ. ಕೀ ಲೈನಿನಿಂದ ಎಲ್‌ಇಡಿಗೆ, ಎಲ್‌ಇಡಿಯಿಂದ ಬಾನೆಟ್ಟಿನೊಳಗಿನ ಒತ್ತಡದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಅರ್ತಿಗೆ. ಇಷ್ಟೇ. ಬರೀ ಎಲ್‌ಇಡಿಗೆ ನೇರ ಬ್ಯಾಟರಿ ಕೊಟ್ಟರೆ ಆ ಕ್ಷಣಕ್ಕೇ ಸುಟ್ಟುಹೋಗುತ್ತೆ, ಮುಂದೆ ಒಂದು ರೆಸಿಸ್ಟರ್ ಬೇಕು. ಗಾಡಿ ಓಡುವಾಗ 14.4 ವೋಲ್ಟ್, ಕೆಂಪು ಎಲ್‌ಇಡಿ ತಿನ್ನೋದು ಸುಮಾರು 2. ಉಳಿದ 12.4 ವೋಲ್ಟಿಗೆ 1000 ಓಮ್ ಹಾಕಿದರೆ 12.4 ಮಿಲಿಆಂಪ್ ಹರಿಯುತ್ತೆ. ಕಾಲು ವ್ಯಾಟಿನ ರೆಸಿಸ್ಟರ್ ಸಾಕು. ಈಗ ನೀನೇ ಹೇಳು. ಬೆಳಿಗ್ಗೆ ಕೀ ತಿರುಗಿಸಿದ ತಕ್ಷಣ ಆಯಿಲ್ ದೀಪ ಏನು ಮಾಡುತ್ತೆ?

ಡ್ರೈವರ್: ಉರಿಯುತ್ತೆ. ಇಂಜಿನ್ ಸ್ಟಾರ್ಟ್ ಆದ ಮೇಲೆ ಆರುತ್ತೆ.

ಮೇಸ್ತ್ರಿ: ಯಾಕೆ ಉರಿಯುತ್ತೆ?

ಡ್ರೈವರ್: ಆಯಿಲ್ ಒತ್ತಡ ಇನ್ನೂ ಬಂದಿರಲ್ಲ, ಅದಕ್ಕೆ.

ಮೇಸ್ತ್ರಿ: ಅದರ ಸ್ವಿಚ್ಚು ಒತ್ತಡ ಇಲ್ಲದಾಗ ಕೂಡಿಕೊಂಡಿರುತ್ತೆ. ಹಾಗಾಗಿ ದಿನಾ ಬೆಳಿಗ್ಗೆ ‘ನಾನು ಬದುಕಿದ್ದೀನಿ’ ಅಂತ ಹೇಳಿ ಆಮೇಲೆ ಸುಮ್ಮನಾಗುತ್ತೆ. ಬಲ್ಬು ಸುಟ್ಟಿದ್ದರೆ, ವೈರು ಕಡಿದಿದ್ದರೆ ಆವತ್ತೇ ಗೊತ್ತಾಗುತ್ತೆ. ಅದರ ಮೌನವನ್ನ ನಂಬಬಹುದು. ನಿನ್ನ ಈ ಬೂಸ್ಟ್ ದೀಪದ ಸ್ವಿಚ್ಚು ಅದಕ್ಕೆ ತಿರುಗಮುರುಗ. ಒತ್ತಡ ಮಿತಿ ಮೀರಿದಾಗ ಮಾತ್ರ ಕೂಡುತ್ತೆ. ಸರಿಯಾಗಿ ನಡೆಯೋ ಗಾಡಿಯಲ್ಲಿ ಈ ದೀಪ ಐದು ವರ್ಷ ಒಂದು ಸಲವೂ ಉರಿಯಲ್ಲ. ಮೊದಲನೇ ವರ್ಷವೇ ಇಲಿ ವೈರು ಕಡಿದಿದ್ದರೂ ಐದು ವರ್ಷ ಒಂದು ಸಲವೂ ಉರಿಯಲ್ಲ.

ಡ್ರೈವರ್: ಉರಿಯದ ದೀಪಕ್ಕೆ ಎರಡು ಅರ್ಥ ಅಂದಿದ್ದು ಇದಕ್ಕಾ!

ಮೇಸ್ತ್ರಿ: ಇದಕ್ಕೇ.

ಡ್ರೈವರ್: ಹಾಗಾದರೆ ಆಯಿಲ್ ದೀಪದ ವೈರಿಗೇ ಇದನ್ನೂ ಸೇರಿಸಿದರೆ? ಕೀ ಹಾಕಿದಾಗ ಎರಡೂ ಒಟ್ಟಿಗೆ ಉರಿದು ಒಟ್ಟಿಗೆ ಆರಲಿ.

ಮೇಸ್ತ್ರಿ: ಒಳ್ಳೇ ಯೋಚನೆ, ಮಾಡಬಹುದು. ಮಧ್ಯೆ ಒಂದು ಡಯೋಡ್ ಹಾಕಿದರೆ ಒಂದರ ಕರೆಂಟ್ ಇನ್ನೊಂದಕ್ಕೆ ನುಗ್ಗಲ್ಲ. ಆದರೂ ನಾನು ಮಾಡಲ್ಲ. ಆಯಿಲ್ ದೀಪ ಇಂಜಿನ್ನಿನ ಪ್ರಾಣ. ನನ್ನ ಜಾಯಿಂಟಿನಿಂದ ಅದು ಕೆಟ್ಟರೆ ಹೋಗೋದು ಇಂಜಿನ್. ಸಣ್ಣ ದೀಪವನ್ನ ಉಳಿಸೋಕೆ ದೊಡ್ಡ ದೀಪದ ಮೇಲೆ ಭಾರ ಹಾಕಬಾರದು. ಅದಕ್ಕೆ ಕೀ ಪಕ್ಕದಲ್ಲೇ ಒಂದು ಒತ್ತೋ ಗುಂಡಿ ಇಡ್ತೀನಿ. ಒತ್ತಿದರೆ ದೀಪದ ವೈರು ಅರ್ತಿಗೆ ಸೇರುತ್ತೆ, ದೀಪ ಉರಿಯುತ್ತೆ.

ಡ್ರೈವರ್: ಗುಂಡಿಯನ್ನ ದೀಪದ ಹಿಂದೆಯೇ ಸೇರಿಸಿಬಿಡಿ, ಎರಡು ಇಂಚು ವೈರಲ್ಲಿ ಕೆಲಸ ಮುಗೀತು.

ಮೇಸ್ತ್ರಿ: ಎರಡು ಇಂಚಿನಲ್ಲಿ ಮುಗಿಸಿದರೆ ಅದು ಪರೀಕ್ಷೆ ಮಾಡೋದೂ ಎರಡು ಇಂಚನ್ನೇ. ಬಲ್ಬು ಬದುಕಿದೆ ಅಂತ ಮಾತ್ರ ತಿಳಿಯುತ್ತೆ. ಇಲಿ ಕಡಿಯೋದು ಬಾನೆಟ್ಟಿನೊಳಗೆ, ಕಿಲುಬು ಹಿಡಿಯೋದು ಸ್ವಿಚ್ಚಿನ ಟರ್ಮಿನಲ್ಲಿಗೆ. ಹಾಗಾಗಿ ಗುಂಡಿಯ ವೈರು ಹೊರಡಬೇಕಾದ್ದು ಆ ತುದಿಯಿಂದ. ದೀಪದಿಂದ ಒಂದು ವೈರು ಸ್ವಿಚ್ಚಿನ ಟರ್ಮಿನಲ್ಲಿಗೆ ಹೋಗುತ್ತೆ, ಅದೇ ಟರ್ಮಿನಲ್ಲಿನಿಂದ ಇನ್ನೊಂದು ವೈರು ಗುಂಡಿಗೆ ವಾಪಸ್ ಬರುತ್ತೆ. ಒತ್ತಿದಾಗ ಕರೆಂಟು ಹೋಗಿ, ಸ್ವಿಚ್ಚನ್ನ ಮುಟ್ಟಿ, ತಿರುಗಿ ಬರಬೇಕು. ದಾರಿಯಲ್ಲಿ ಎಲ್ಲಿ ಕಡಿದಿದ್ದರೂ ಉರಿಯಲ್ಲ. ಆರು ಅಡಿ ವೈರು ಜಾಸ್ತಿ ಆಗುತ್ತೆ, ಆಗಲಿ.

ಡ್ರೈವರ್: ಸ್ವಿಚ್ಚಿನ ಒಳಗೇ ಏನಾದರೂ ಕೆಟ್ಟರೆ?

ಮೇಸ್ತ್ರಿ: ಅದು ಗುಂಡಿಗೆ ತಿಳಿಯಲ್ಲ. ಅದಕ್ಕೆ ಬೇರೆ ದಾರಿ. ಆ ಮೂಲೆಯಲ್ಲಿ ಸೈಕಲ್ ಪಂಪು ಇದೆ, ತಾ. ಈ ಹೋಸಿಗೆ ಒಂದು ಟೀ ಹಾಕಿ ಒಂದು ಬಾಯಿಗೆ ಪಂಪು, ಒಂದಕ್ಕೆ ಟೈರ್ ಗೇಜು, ಒಂದರಲ್ಲಿ ನಿನ್ನ ಸೆನ್ಸರೂ ಸ್ವಿಚ್ಚೂ. ಸ್ವಿಚ್ಚಿನ ತಿರುಪನ್ನ ಸದ್ಯಕ್ಕೆ 1.4 ಬಾರಿಗೆ ಇಟ್ಟಿದ್ದೀನಿ, ಗೇಜಲ್ಲಿ ಅದು 20 ಪಿಎಸ್‌ಐ ಆಗುತ್ತೆ. ಕೀ ಹಾಕಿ ನಿಧಾನಕ್ಕೆ ಒತ್ತು.

ಡ್ರೈವರ್: ಗೇಜಲ್ಲಿ 10... ಮೀಟರಲ್ಲಿ 0.7. ಈಗ 15... ಮೀಟರಲ್ಲಿ 1 ಮತ್ತು ಒಂದು ಚೂರು. 19... ಇನ್ನೂ ಇಲ್ಲ... ಹತ್ತಿಕೊಂಡಿತು! ಕೆಂಪಗೆ!

ಮೇಸ್ತ್ರಿ: ಆರು ತಿಂಗಳಿಗೊಮ್ಮೆ ಬಾ, ಹೀಗೇ ನೋಡೋಣ. ಇನ್ನೊಂದು ಗುರುತು ನೆನಪಿಟ್ಟುಕೋ. ಮಳೆಗಾಲದಲ್ಲಿ ಈ ದೀಪ ಮಂದವಾಗಿ, ಉರಿದೂ ಉರಿಯದ ಹಾಗೆ ಮಿಣಮಿಣ ಅಂದರೆ ಟರ್ಬೊ ಕೆಟ್ಟಿದೆ ಅಂದುಕೊಳ್ಳಬೇಡ. ಎಲ್‌ಇಡಿಗೆ ಒಂದು ಮಿಲಿಆಂಪ್ ಸಿಕ್ಕರೂ ಸಾಕು. ಸ್ವಿಚ್ಚಿನ ಕಪ್ಲರಿನಲ್ಲಿ ನೀರು ನಿಂತಿದೆ ಅಂತ ಅರ್ಥ. ಬಿಚ್ಚಿ ಒರೆಸು. ಈಗ ಎಲ್ಲ ಕೂರಿಸಿ ಆಯ್ತು. ಗುಂಡಿ ಒತ್ತು.

ಡ್ರೈವರ್: ಉರೀತು.

ಮೇಸ್ತ್ರಿ: ತಡಿ, ಬಾನೆಟ್ಟಿನ ಕಡೆಯಿಂದ ಒಂದು ಕಪ್ಲರ್ ತೆಗೀತೀನಿ. ಈಗ ಒತ್ತು.

ಡ್ರೈವರ್: ಇಲ್ಲ. ಉರೀತಿಲ್ಲ. ನೋಡೋಕೆ ಮಾತ್ರ ಮೊದಲಿನ ಹಾಗೇ ಇದೆ. ಒತ್ತದೆ ಇದ್ದಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ.

ಮೇಸ್ತ್ರಿ: ಅದನ್ನ ನೀನು ನಿನ್ನ ಕಣ್ಣಲ್ಲೇ ನೋಡಲಿ ಅಂತ ತೆಗೆದೆ. ವಾಪಸ್ ಹಾಕ್ತೀನಿ. ಇನ್ನು ಕೆಲಸ ನಿಂದು. ಮೀಟರಿನ ಸಂಖ್ಯೆಗಳನ್ನ ನೋಡಿ ಇದು ಜಾಸ್ತಿ, ಇದು ಕಡಿಮೆ ಅಂತ ನಾನು ಹೇಳಲ್ಲ. ನಿನ್ನ ಗಾಡಿಗೆ ಎಷ್ಟು ಸಹಜ ಅಂತ ನಿನ್ನ ಗಾಡಿಯೇ ಹೇಳಬೇಕು. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೋ. ಘಾಟಿಯಲ್ಲಿ ಒಂದು ಜಾಗ ಗೊತ್ತು ಮಾಡಿಕೋ. ಅದೇ ತಿರುವು, ಅದೇ ಗೇರು, ಪೂರ್ತಿ ಲೋಡು. ದಿನಾ ಒಂದೇ ಸಂಖ್ಯೆ, ಗಾಡಿ ನಿಲ್ಲಿಸಿದ ಮೇಲೆ ಬರಿ. ಸ್ವೀಡನ್ನಿನ ಸಾಬ್ ಟರ್ಬೊ ಕಾರುಗಳ ಬೂಸ್ಟ್ ಮೀಟರಲ್ಲಿ ಸಂಖ್ಯೆಯೇ ಇರಲಿಲ್ಲ, ಬಿಳಿ, ಕಿತ್ತಳೆ, ಕೆಂಪು ಬಣ್ಣದ ಪಟ್ಟಿ ಮಾತ್ರ. ರಸ್ತೆ ನೋಡೋ ಕಣ್ಣಿಗೆ ಅಷ್ಟು ಸಾಕು. ಹದಿನೈದು ದಿನ ಬಿಟ್ಟು ಬಾ, ಮೀಟರ್ ಗಾಜಿನ ಮೇಲೆ ನಿನ್ನ ಗಾಡಿಯ ಪಟ್ಟಿ ನಾವೇ ಎಳೆಯೋಣ.

ಹದಿನೈದು ದಿನದ ನಂತರ ಒಂದು ಮಧ್ಯಾಹ್ನ. ಅದೇ ಅಂಗಡಿ. ಡ್ರೈವರ್ ಕೈಯಲ್ಲಿ ಮೀನಿನ ಚೀಟಿಗಳ ಜೊತೆ ಒಂದು ನೋಟ್‌ಬುಕ್ ಇದೆ.

ಡ್ರೈವರ್: ನೋಡಿ ಮೇಸ್ತ್ರಿ. ಎರಡನೇ ಗೇರು, ನಾನು ಗೊತ್ತು ಮಾಡಿಕೊಂಡ ತಿರುವು. 0.9, 0.9, 0.95, 0.9. ಒಂದು ವಾರ ಹೀಗೇ. ಹನ್ನೊಂದನೇ ದಿನ 0.8. ಮಾರನೇ ದಿನ 0.65.

ಮೇಸ್ತ್ರಿ: ಗಾಡಿ ಎಳೆಯೋದರಲ್ಲಿ ಏನಾದರೂ ವ್ಯತ್ಯಾಸ ಗೊತ್ತಾಯ್ತಾ?

ಡ್ರೈವರ್: 0.8 ಬಂದ ದಿನ ಏನೂ ಗೊತ್ತಾಗಲಿಲ್ಲ. ಮೀಟರ್ ಇಲ್ಲದಿದ್ದರೆ ಹಾಗೇ ಹೋಗ್ತಿದ್ದೆ. 0.65 ನೋಡಿದಾಗ ಮೇಲೆ ಬಂದು ಟಾರ್ಚ್ ಹಿಡಿದು ಹುಡುಕಿದೆ. ಹೊಸ ಹೋಸಿನ ಕ್ಲಿಪ್ಪು ಸಡಿಲವಾಗಿತ್ತು, ಸುತ್ತ ಆಯಿಲ್ ಕಾರಿತ್ತು. ಸ್ಕ್ರೂಡ್ರೈವರ್ ಹಾಕಿ ನಾಲ್ಕು ಸುತ್ತು ಬಿಗಿದೆ. ಮಾರನೇ ದಿನ ಮತ್ತೆ 0.9. ಮೀನು ಹೊತ್ತಿಗೆ ಸರಿಯಾಗಿ ಮುಟ್ಟಿತು.

ಮೇಸ್ತ್ರಿ: ನಾಲ್ಕು ಸುತ್ತಿನ ಕೆಲಸ! ಹೋದ ಸಲ ಅದಕ್ಕೇ ಒಂದು ರಾತ್ರಿ ಹೋಗಿತ್ತು. ನಿನ್ನ ಗಾಡಿಯ ಸಹಜ 0.9 ಅಂತಾಯ್ತು. ಅತಿ ಹೆಚ್ಚು ಎಷ್ಟಕ್ಕೆ ಹೋಗಿತ್ತು?

ಡ್ರೈವರ್: ಗೇರ್ ಬದಲಾಯಿಸಿ ಪೂರ್ತಿ ಒತ್ತಿದಾಗ ಒಂದು ಕ್ಷಣ 1.1. ತಕ್ಷಣ ಇಳೀತು.

ಮೇಸ್ತ್ರಿ: ಆ ಕ್ಷಣದ ಜಿಗಿತ ಸಹಜ. ಅದಕ್ಕೆಲ್ಲ ದೀಪ ಉರಿದರೆ ನಾಲ್ಕು ದಿನಕ್ಕೆ ನಿನ್ನ ಕಣ್ಣು ಅದನ್ನ ಲೆಕ್ಕಕ್ಕೇ ಇಡಲ್ಲ. ಸ್ವಿಚ್ಚಿನ ತಿರುಪನ್ನ 1.3ಕ್ಕೆ ತರ್ತೀನಿ. ಸುಮ್ಮಸುಮ್ಮನೆ ಕೂಗಲ್ಲ, ಕೂಗಿದರೆ ನೀನು ಕಾಲು ತೆಗೀಬೇಕು. ಕಾಲು ತೆಗೆದರೆ ಒತ್ತಡ ತಾನಾಗಿ ಇಳಿಯುತ್ತೆ. ಆಮೇಲೆ ಪಕ್ಕಕ್ಕೆ ನಿಲ್ಲಿಸಿ ವೇಸ್ಟ್‌ಗೇಟಿನ ಸಣ್ಣ ಹೋಸು ನೋಡು. ಗಾಜಿನ ಮೇಲೆ 0.9ರ ಹತ್ತಿರ ಹಸಿರು ಗೆರೆ, 1.3ರಲ್ಲಿ ಕೆಂಪು. ಪಂಪು ತಾ, ಇನ್ನೊಂದು ಸಲ ಪರೀಕ್ಷೆ ಮಾಡಿಬಿಡೋಣ. ದೀಪ ಹೇಗಿದೆ?

ಡ್ರೈವರ್: ಘಾಟಿಯಲ್ಲಿ ಒಂದು ಸಲವೂ ಉರೀಲಿಲ್ಲ, ಮೇಸ್ತ್ರಿ. ಗಾಡಿ ತೆಗೆಯೋ ಮುಂಚೆ ಮಾತ್ರ, ಹದಿನೈದು ದಿನವೂ ಬೆರಳ ತುದಿಯಲ್ಲಿ ಉರೀತು.